ಅಳಿಯಂದಿರ ಹುದ್ದೆ

"ಮೇಷ್ಟ್ರಾಗ್ತಾಳಂತೆ! ಮೊದ್ಲು ಮಂಡಿಗಂಟ ಮೆತ್ಕೊಂಡಿರೋ ಕೆಸರು ತೊಳ್ಕೊಳ್ಳೇ ಮುಂಡೇದೆ, ಆಮೇಲೆ ಮೇಷ್ಟ್ರಾಗೋವಂತೆ."

ಧಣಿ ಹಾಗಂದಾಗ ಅವಳು ಗುಂಡಿಯೊಳಗೆ ನಿಂತು ಮಣ್ಣು ತುಳಿಯುತ್ತಿದ್ದಳು. ಇಟ್ಟಿಗೆ ಭಟ್ಟಿಯಲ್ಲಿ ಎಲ್ಲಕ್ಕೂ ಮೊದಲಿನ ಕೆಲಸ ಅದು. ನೀರು ಬಿಟ್ಟ ಮಣ್ಣನ್ನು ಹಿಟ್ಟು ನಾದುವ ಹಾಗೆ ಕಾಲಲ್ಲಿ ನಾದಬೇಕು. ಸುಮ್ಮನೆ ನಿಂತರೆ ಕಾಲು ಹೂತುಹೋಗುತ್ತದೆ. ಹಾಗಾಗಿ ಬೈಸಿಕೊಳ್ಳುವಾಗಲೂ ಅವಳು ತುಳಿಯುತ್ತಲೇ ಇರಬೇಕಾಯಿತು. ಸುತ್ತ ಕೂತು ಅಚ್ಚಿಗೆ ಮಣ್ಣು ಬಡಿಯುತ್ತಿದ್ದವರೆಲ್ಲ ನಕ್ಕರು. ಧಣಿ ನಕ್ಕಾಗ ನಗದೆ ಇರುವ ಧೈರ್ಯ ಆ ಬಯಲಿನಲ್ಲಿ ಯಾರಿಗೂ ಇರಲಿಲ್ಲ. ಅವಳ ಗಂಡನೂ ಹಲ್ಲು ಬಿಟ್ಟ. ಬಿಟ್ಟ ಮೇಲೆ ತಲೆ ತಗ್ಗಿಸಿದ.

ಭಟ್ಟಿಯ ಪಕ್ಕದ ತಗಡಿನ ಮನೆಗಳ ಸಾಲಿಗೆ ಲೈನು ಅಂತ ಹೆಸರು. ಆ ಲೈನಿನಲ್ಲೇ ಹುಟ್ಟಿ, ಆ ಲೈನಿಗೇ ಸೊಸೆಯಾದ ಅವಳೊಬ್ಬಳೇ ಕಾಲೇಜಿನ ಮೆಟ್ಟಿಲು ಹತ್ತಿದ್ದು. ಬಿ.ಎಡ್. ಪಾಸಾದ ದಿನದಿಂದ ಲೈನಿನವರು ಅವಳ ಹೆಸರು ಮರೆತು 'ಬಿಯೆಡ್ಡು' ಅಂತಲೇ ಕರೆದರು. ಬಿಯೆಡ್ಡು, ಆ ಬುಟ್ಟಿ ಎತ್ತು. ಬಿಯೆಡ್ಡು, ನೀರಿಗೆ ಬರ್ತೀಯಾ? ಮೊದಮೊದಲು ಆ ಕರೆಯಲ್ಲಿ ಹೆಮ್ಮೆಯಿತ್ತು. ಮದುವೆಯಾಗಿ, ಮಗಳು ಹುಟ್ಟಿ, ಆ ಮಗಳು ಶಾಲೆಗೆ ಹೋಗುವಷ್ಟಾದರೂ ಬಿಯೆಡ್ಡು ಮಣ್ಣು ತುಳಿಯುವುದು ತಪ್ಪಲಿಲ್ಲ. ಬರಬರುತ್ತಾ ಅದು ಬೈಗುಳದ ಹಾಗೆ ಕೇಳಿಸತೊಡಗಿತ್ತು.

ಕೆಲಸ ಹುಡುಕದೆ ಕೂತವಳಲ್ಲ. ಮೇಷ್ಟ್ರುಗಳಿಲ್ಲ, ಮೇಷ್ಟ್ರುಗಳಿಲ್ಲ ಅಂತ ಪೇಪರಿನವರು ಬರೆದದ್ದೇ ಬರೆದದ್ದು. ಅದನ್ನು ನಂಬಿ ಅವಳು ಶಿಕ್ಷಣ ಇಲಾಖೆಯ ಆಫೀಸಿಗೆ ಹೋಗಿದ್ದಳು. ಮುರಿದ ಬೆಂಚುಗಳನ್ನು ಒಟ್ಟಿದ ಪಡಸಾಲೆಯ ಕೊನೆಯಲ್ಲಿ ಗುಮಾಸ್ತ ಕೂತಿದ್ದ.

"ಹುದ್ದೆ ಖಾಲಿ ಇವೆಯಮ್ಮಾ. ಬೇಕಾದಷ್ಟು ಖಾಲಿ ಇವೆ. ತುಂಬೋಕೆ ಆರ್ಡರ್ ಇಲ್ಲ."

"ಯಾವಾಗ ಬರುತ್ತೆ ಸಾರ್?"

"ಬಂದಾಗ."

"ಅಲ್ಲೀತನಕ ಮಕ್ಕಳಿಗೆ ಮೇಷ್ಟ್ರು?"

"ನನ್ನ ತಲೆ ಮೇಲೆ ನೋಡು, ಫ್ಯಾನಿಲ್ಲ. ನಾನು ಯಾರನ್ನ ಕೇಳ್ಲಿ?"

ಪೇಟೆಯ ಖಾಸಗಿ ಶಾಲೆಯಲ್ಲಿ ಅವಳಿಂದ ಪಾಠ ಮಾಡಿಸಿ ನೋಡಿದರು. ಹಿಂದಿನ ಬೆಂಚಿನಲ್ಲಿ ಕೂತು ಕೇಳಿದ ಹೆಡ್‌ಮಿಸ್ಸು, "ತುಂಬಾ ಚೆನ್ನಾಗಿ ಹೇಳ್ಕೊಡ್ತೀರ," ಎಂದು ಕುರ್ಚಿ ಕೊಟ್ಟು, ಮನೆ ಎಲ್ಲಿ ಅಂತ ಕೇಳಿದಳು. ಭಟ್ಟಿ ಲೈನು ಅಂದ ಕೂಡಲೇ ಆಕೆಯ ಕಣ್ಣು ಕೆಳಗಿಳಿಯಿತು. ಬಿಯೆಡ್ಡು ಪಾದ ಹಿಂದೆ ಎಳೆದುಕೊಂಡಳು. ಹಿಮ್ಮಡಿಯ ಬಿರುಕಿನಲ್ಲಿ ಕೂತ ಕೆಂಪು ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ.

"ನೀವು ತಪ್ಪು ತಿಳ್ಕೋಬಾರ್ದು. ನಮ್ಮಲ್ಲಿ ಮಕ್ಕಳ ತಂದೆತಾಯಿ ಒಂಥರಾ ಜನ. ಆಯಾ ಕೆಲಸ ಒಂದು ಖಾಲಿ ಇದೆ, ಬೇಕಿದ್ರೆ ನೋಡಿ."

ಎದ್ದು ಬರಬೇಕಿತ್ತು. ಅವಳು ಒಂದು ಗಳಿಗೆ ಕೂತು ಯೋಚನೆ ಮಾಡಿದಳು. ಹಾಗೆ ಯೋಚನೆ ಮಾಡಿದ್ದನ್ನು ಗಂಡನಿಗೂ ಹೇಳಲಿಲ್ಲ.

ಇತ್ತ ಭಟ್ಟಿಯ ಪಕ್ಕದ ಸರ್ಕಾರಿ ಶಾಲೆಯಲ್ಲಿ ಒಬ್ಬ ಮೇಷ್ಟ್ರು ವಯಸ್ಸಾಗಿ ನಿವೃತ್ತನಾಗಿ ಹೋದ, ಇನ್ನೊಬ್ಬ ವರ್ಗ ಮಾಡಿಸಿಕೊಂಡು ಹೋದ. ಉಳಿದ ಒಂದೇ ಹುದ್ದೆ ಧಣಿಯ ಅಳಿಯನದು. ಲೈನಿನವರ ಬಾಯಲ್ಲಿ ಅಳಿಯಂದ್ರು. ಅಳಿಯಂದ್ರು ಪೇಟೆಯಲ್ಲಿ ಸಿಮೆಂಟು, ಕಬ್ಬಿಣದ ಅಂಗಡಿ ಇಟ್ಟಿದ್ದರು. ತಿಂಗಳಿಗೊಮ್ಮೆ ಬಂದು ಅಷ್ಟೂ ದಿನದ ಸಹಿ ಒಂದೇ ಸಲಕ್ಕೆ ಹಾಕಿ ಹೋಗುತ್ತಿದ್ದರು. ಬೆಳಿಗ್ಗೆ ಭಟ್ಟಿಯ ಲೆಕ್ಕ ಬರೆಯುವ ರೈಟರು ಬಂದು ಶಾಲೆಯ ಬೀಗ ತೆಗೆದರೆ ಮಕ್ಕಳು ಕಿರುಚಾಡಿ, ಹೊಡೆದಾಡಿ, ಬಿಸಿಲೇರುವ ಹೊತ್ತಿಗೆ ಭಟ್ಟಿಗೆ ಬಂದು ಹಸಿ ಇಟ್ಟಿಗೆ ಒಣಗಲೆಂದು ಮಗುಚಲು ಕೂರುತ್ತಿದ್ದವು. ಅವುಗಳ ಜೊತೆ ಅವಳ ಮಗಳು ಗುಬ್ಬಿಯೂ.

ಅದನ್ನು ನೋಡಲಾರದೆ ಅವಳು ರೈಟರನ್ನು ಕೇಳಿದ್ದಳು: "ಅಣ್ಣಾ, ನಾನಾದ್ರೂ ಹೋಗಿ ಪಾಠ ಹೇಳ್ಲಾ? ಧಣೀರ್ನ ಒಂದು ಮಾತು ಕೇಳು." ಕೇಳಿದ್ದಕ್ಕೆ ಬಂದ ಉತ್ತರವೇ ಆ ಮಂಡಿಗಂಟ ಕೆಸರಿನ ಮಾತು.

ಆದರೆ ಧಣಿ ನಕ್ಕು ಮರೆಯುವವನಲ್ಲ, ನಕ್ಕು ಲೆಕ್ಕ ಹಾಕುವವನು. ಅಳಿಯನ ಮೇಲೆ ಯಾರೋ ಮೇಲಿನವರಿಗೆ ದೂರು ಬರೆದಿದ್ದರು. ಮುಂದಿನ ವಾರ ಅವಳಿಗೆ ಕರೆ ಬಂತು. ಧಣಿ ಜಗಲಿಯ ಮೇಲೆ ಕೂತು ಹಲ್ಲುಕಡ್ಡಿ ಆಡಿಸುತ್ತಿದ್ದ. ಅವಳು ಮೆಟ್ಟಿಲ ಕೆಳಗೆ ನಿಂತಳು.

"ನೋಡು, ಹುದ್ದೆ ಅಳಿಯಂದ್ರದು. ಅದು ಅವ್ರದೇ. ನೀನು ಹೋಗಿ ಆ ಮಂಗಗಳನ್ನ ಸಂಭಾಳಿಸು. ಭಟ್ಟಿ ಕೂಲಿ ಅಲ್ಲೇ ಸಿಗುತ್ತೆ. ಯಾರಾದ್ರೂ ಬಂದು ಕೇಳಿದ್ರೆ ನೀನು ಯಾರು?"

"ಟೀಚರು..."

"ಥೂ! ಏನು ಓದಿದ್ಯೇ ನೀನು? ನೀನು ಯಾರೂ ಅಲ್ಲ."

"ಹೂಂ ಧಣಿ."

"ಹೇಳು ನೋಡಣ."

"ನಾನು ಯಾರೂ ಅಲ್ಲ, ಧಣಿ."

ಅಷ್ಟು ಹೇಳಿ ತಿರುಗಿದಾಗ ಅವಳಿಗೆ ನಾಚಿಕೆಯಾಗಬೇಕಿತ್ತು. ಆಗಿದ್ದು ಸಂತೋಷ. ಲೈನಿನತನಕ ಓಡೋಡಿಯೇ ಬಂದಳು. ಆ ಓಟ ನೆನಪಾದಾಗಲೆಲ್ಲ ಮುಂದೆ ಅವಳ ಕಿವಿ ಸುಡುತ್ತಿತ್ತು.

ಅತ್ತೆ ಮಾತ್ರ ಅಚ್ಚು ತೊಳೆಯುತ್ತಾ, "ದುಡಿಯೋದು ಎತ್ತು, ಮೇಯೋದು ಕುದುರೆ. ಇದಕ್ಕಾ ನಿಮ್ಮಪ್ಪ ಬೆನ್ನು ಮುರ್ಕೊಂಡು ಓದ್ಸಿದ್ದು?" ಅಂದಳು.

"ಮಕ್ಕಳು ಕಲೀತಾವಲ್ಲ ಅತ್ತೆ."

"ಕಲೀತಾವೆ. ನಿನ್ನ ನೋಡಿ ಕಲೀತಾವೆ."

ಆ ಮಾತು ಕೊಂಕೋ ನಿಜವೋ ಎಂದು ಯೋಚಿಸುವಷ್ಟು ಪುರಸೊತ್ತು ಬಿಯೆಡ್ಡುವಿಗೆ ಇರಲಿಲ್ಲ. ಮಾರನೆಯ ದಿನದಿಂದ ಅವಳು ಶಾಲೆಗೆ ಹೋದಳು. ದೊಡ್ಡ ಮಕ್ಕಳು, ಸಣ್ಣ ಮಕ್ಕಳು ಎಲ್ಲ ಒಂದೇ ಕೋಣೆ. ಬೋರ್ಡಿಗೆ ಇದ್ದಿಲು ಬಳಿದಳು. ಒಂದು ಕಡೆ ಅಕ್ಷರ, ಒಂದು ಕಡೆ ಲೆಕ್ಕ, ಮಧ್ಯದಲ್ಲಿ ಬಿಸಿಲು ನೆತ್ತಿಗೇರುವ ತನಕ ಪದ್ಯ. ಬಯ್ಯದೆ ಹೊಡೆಯದೆ ಹೇಳಿಕೊಡುವ ದೊಡ್ಡವರನ್ನು ಆ ಮಕ್ಕಳು ನೋಡಿಯೇ ಇರಲಿಲ್ಲ. ಮೊದಮೊದಲು ಅನುಮಾನದಿಂದ ನೋಡಿದವು, ಆಮೇಲೆ ಮೈಮೇಲೇ ಬಿದ್ದವು. ಟೀಚರ್, ಟೀಚರ್! ಇಟ್ಟಿಗೆ ಮಗುಚಿ ಮಗುಚಿ ಬೆರಳ ತುದಿ ಸವೆದ ಕೈಗಳಲ್ಲಿ ಬಳಪ ಹಿಡಿದು ಅವು ಬರೆದ ಸೊಟ್ಟ ಅಕ್ಷರ ನೋಡಿದಾಗ, ಇಷ್ಟು ದಿನ ತುಳಿದ ಮಣ್ಣೆಲ್ಲ ಕಾಲಿಂದ ಉದುರಿದ ಹಾಗೆ ಅವಳಿಗೆ ಅನ್ನಿಸುತ್ತಿತ್ತು.

ಅಳಿಯಂದ್ರು ಸಹಿ ಹಾಕಲು ಬಂದ ದಿನ ಕೋಣೆಯಲ್ಲಿದ್ದ ಒಂದೇ ಕುರ್ಚಿ ಬಿಟ್ಟು ಅವಳು ಹೊರಗೆ ನಿಲ್ಲುತ್ತಿದ್ದಳು. ಅವರು ಕಾಲು ಮೇಜಿನ ಮೇಲಿಟ್ಟು ಸಹಿ ಗೀಚಿ, "ಎಲ್ಲಾ ಸರಿಯಾಗಿದೆಯಲ್ಲ?" ಅಂತ ಅವಳನ್ನಲ್ಲ, ಗೋಡೆಯನ್ನು ಕೇಳಿ ಹೋಗುತ್ತಿದ್ದರು. ಮಕ್ಕಳು ನೋಡುತ್ತಿದ್ದವು. ಅವು ನೋಡುತ್ತಿದ್ದದ್ದು ಅವಳಿಗೆ ಗೊತ್ತಿತ್ತು.

ಹೀಗಿರುವಾಗ ಒಂದು ದಿನ ರೈಟರು ಪಾಠದ ನಡುವೆ ಬಂದು ಬಾಗಿಲಿಗೆ ಬಡಿದ.

"ಲೇ ಬಿಯೆಡ್ಡು, ನಾಳೆ ಸ್ಕೂಲ್ ಇನ್ಸ್‌ಪೆಕ್ಟರ್ ಸಾಹೇಬ್ರು ಬರ್ತಾರಂತೆ. ಆ ದೂರಿನ ಸಲುವಾಗಿ. ಮಕ್ಕಳಿಗೆ ಪಾಠ ಹೇಳೋರು ಯಾರು ಅಂದ್ರೆ ಅಳಿಯಂದ್ರು ಅನ್ಬೇಕು. ಇವತ್ತೇ ಬಾಯಿಪಾಠ ಮಾಡ್ಸು."

"ನಾನು ನಾಳೆ ಮನೇಲಿದ್ದು ಬಿಡ್ಲಾ ಅಣ್ಣ?"

"ಮನೇಲಿದ್ರೆ ಈ ದರಿದ್ರಗಳನ್ನ ಹಿಡಿಯೋರು ಯಾರು? ಅಳಿಯಂದ್ರ ಮಾತು ಕೇಳ್ತಾವಾ ಇವು? ಹರಕು ಬಟ್ಟೆ ಉಟ್ಕೊಂಡು ಬಾ. ಪೊರಕೆ ಹಿಡ್ಕೊಂಡು ಮೂಲೇಲಿ ನಿಲ್ಲು. ಕಸ ಗುಡಿಸೋಳು ಅಂತ ಹೇಳಿದ್ರಾಯ್ತು. ಕಣ್ಣಲ್ಲೇ ಹತೋಟಿಲಿಡು."

ಅವನು ಹೋದ ಮೇಲೆ ಅವಳು ಬೋರ್ಡು ಒರೆಸಿದಳು. ಏನೂ ಬರೆಯಲಿಲ್ಲ. ಒಂದು ಆಟ ಆಡೋಣವಾ ಅಂದಳು. ಮಕ್ಕಳು ಹೋ ಅಂದವು.

"ನಿಮಗೆ ಪಾಠ ಹೇಳೋರು ಯಾರು?"

"ನೀವು ಟೀಚರ್!"

"ಅಲ್ಲ. ಅಳಿಯಂದ್ರು ಅನ್ಬೇಕು. ಇನ್ನೊಂದ್ಸಲ."

ಬಲು ಬೇಗ ಕಲಿತವು. ಮಗ್ಗಿಯ ಹಾಗೆ ರಾಗವಾಗಿ ಹೇಳಿದವು. ಮತ್ತೆ ಅವಳು ತನ್ನ ಎದೆ ಮುಟ್ಟಿಕೊಂಡು, ಇವಳು ಯಾರು ಅಂತ ಕೇಳಿದರೆ ಕಸ ಗುಡಿಸೋಳು ಅನ್ನಬೇಕು ಅಂದಳು. ಮಕ್ಕಳು ಬಿದ್ದು ಬಿದ್ದು ನಕ್ಕವು. ಗುಬ್ಬಿ ನಗಲಿಲ್ಲ. ಅವಳ ಬಾಯಿಗೆ ಅದು ಬರಲಿಲ್ಲ. ಎಲ್ಲ ಹಾಳಾಗುವುದಿದ್ದರೆ ಇವಳಿಂದಲೇ ಅಂತ ತಾಯಿಗೆ ಹೆದರಿಕೆಯಾಯಿತು. ಮಗಳನ್ನು ಎದುರಿಗೆ ನಿಲ್ಲಿಸಿಕೊಂಡು ಮತ್ತೆ ಮತ್ತೆ ಹೇಳಿಸಿದಳು. ಕೊನೆಗೆ ಪರೀಕ್ಷೆ ಮಾಡಲು ಸಾಹೇಬರ ಹಾಗೆ ದನಿ ದಪ್ಪ ಮಾಡಿ, "ಹೆದರ್ಬೇಡ ಪುಟ್ಟಾ, ನಿಜ ಹೇಳು. ಇವಳು ನಿಮ್ಮವ್ವ ಅಲ್ವಾ?" ಅಂದಳು.

"ಅಲ್ಲ ಸಾರ್. ಕಸ ಗುಡಿಸೋಳು," ಅಂದಳು ಗುಬ್ಬಿ, ಕಣ್ಣು ಮಿಟುಕಿಸದೆ.

ಎಲ್ಲರೂ ಚಪ್ಪಾಳೆ ತಟ್ಟಿದರು. ಬಿಯೆಡ್ಡುವೂ ತಟ್ಟಿದಳು. "ಶಭಾಷ್," ಅಂದಳು.

ಮರುದಿನ ಅಳಿಯಂದ್ರು ಇಸ್ತ್ರಿ ಅಂಗಿ ಹಾಕಿಕೊಂಡು ಬೇಗನೇ ಬಂದರು. ಮಕ್ಕಳನ್ನು ಒಮ್ಮೆ ನೋಡಿ, "ಇವು ಎಷ್ಟನೇ ಕ್ಲಾಸಿನವು?" ಅಂತ ಮೆಲ್ಲಗೆ ಅವಳನ್ನೇ ಕೇಳಿದರು. ಅವಳು ಹೇಳಿ, ಪೊರಕೆ ತೆಗೆದುಕೊಂಡು ಮೂಲೆಗೆ ಹೋದಳು.

ಧಣಿಯ ಕಾರಿನಲ್ಲೇ ಇನ್ಸ್‌ಪೆಕ್ಟರ್ ಬಂದಿಳಿದ. ಜೊತೆಗೆ ಧಣಿಯೂ ಇದ್ದ. ಇನ್ಸ್‌ಪೆಕ್ಟರನ ಕಣ್ಣು ಮೊದಲು ಬಿದ್ದದ್ದು ನೆಲದ ಮೇಲೆ.

"ಏಯ್, ಏನೇ ಇದು? ಈ ಧೂಳಲ್ಲಿ ಕೂರೋದಾ? ಕಣ್ಣು ಕಾಣಲ್ವಾ ನಿಂಗೆ?"

ಅವಳು ಬಗ್ಗಿ ಗುಡಿಸಿದಳು. ಬೂಟು ಎತ್ತಲಿಲ್ಲ ಅವನು. ಅವಳು ಬೂಟಿನ ಸುತ್ತ ಗುಡಿಸಿದಳು. ಮಕ್ಕಳು ಕಮಕ್ ಕಿಮಕ್ ಅನ್ನದೆ ಕೂತಿದ್ದವು.

"ಮಕ್ಕಳೇ, ನಿಮಗೆ ಪಾಠ ಹೇಳೋರು ಯಾರು?"

"ಅಳಿಯಂದ್ರು ಸಾರ್!"

ಇನ್ಸ್‌ಪೆಕ್ಟರ್ ನಕ್ಕ. ಧಣಿ ನಕ್ಕ. ಅಳಿಯಂದ್ರು ಕೆಮ್ಮಿದರು. ಆ ಮಾಸ್ಟರಿಗೆ ಒಂದು ಹೆಸರಿದೆ ಅನ್ನುವುದನ್ನು ಹೇಳಿಕೊಡಲು ಯಾರಿಗೂ ಹೊಳೆದಿರಲಿಲ್ಲ. ಇನ್ಸ್‌ಪೆಕ್ಟರ್ ಮುಂದಿನ ಸಾಲಿನಲ್ಲಿದ್ದ ಗುಬ್ಬಿಯನ್ನು ಎಬ್ಬಿಸಿದ.

"ಅಲ್ಲಿ ಮೂಲೇಲಿ ನಿಂತಿದ್ದಾಳಲ್ಲ, ಅವಳು ಯಾರಮ್ಮಾ?"

"ಕಸ ಗುಡಿಸೋಳು ಸಾರ್."

"ಭೇಷ್. ಎಷ್ಟು ಸ್ಪಷ್ಟವಾಗಿ ಮಾತಾಡ್ತೀಯ! ದೊಡ್ಡವಳಾಗಿ ಏನಾಗ್ತೀಯಾ?"

"ಟೀಚರ್."

"ಹಾಗಾದ್ರೆ ಚೆನ್ನಾಗಿ ಓದು. ಓದ್ಲಿಲ್ಲ ಅಂದ್ರೆ ಇವಳ ಥರ ಪೊರಕೆ ಹಿಡೀಬೇಕಾಗುತ್ತೆ, ತಿಳೀತಾ?"

ಧಣಿ ನಕ್ಕ. ಅಳಿಯಂದ್ರು ನಕ್ಕರು. ದೊಡ್ಡವರು ನಕ್ಕರು ಅಂತ ಮಕ್ಕಳು ನಕ್ಕವು. ಗುಬ್ಬಿಯೂ ನಕ್ಕಳು.

ಧಣಿ ಬೈದಾಗ ಬಾರದ, ಹೆಡ್‌ಮಿಸ್ಸಿನ ಕಣ್ಣು ಕಾಲಿಗೆ ಬಿದ್ದಾಗ ಬಾರದ ಸಂಕಟ ಮಗಳ ಆ ನಗೆಯಿಂದ ಬಂತು. ಪೊರಕೆ ಕೈಯಿಂದ ಜಾರಿತು.

"ಗುಬ್ಬೀ," ಅಂದಳು. "ಸುಳ್ಳು ಹೇಳ್ಬಾರ್ದು. ಹೆದರ್ಬೇಡ, ನಿಜ ಹೇಳು. ನಾನ್ಯಾರು?"

ಗುಬ್ಬಿ ತಾಯಿಯ ಮುಖ ನೋಡಿದಳು. ಅವಳ ಮುಖ ಅರಳಿತು. ಇದು ಪರೀಕ್ಷೆ ಅಂತ ಅವಳಿಗೆ ಗೊತ್ತಾಗಿ ಹೋಯಿತು. ಕೈಕಟ್ಟಿ, ಎದೆ ಮುಂದೆ ಮಾಡಿ, ನಿನ್ನೆಗಿಂತ ಜೋರಾಗಿ ಕೂಗಿದಳು:

"ಕಸ ಗುಡಿಸೋಳು!"

ಮಕ್ಕಳೆಲ್ಲ ಚಪ್ಪಾಳೆ ತಟ್ಟಿದವು.

ಇನ್ಸ್‌ಪೆಕ್ಟರ್ ದಡ್ಡನಲ್ಲ. ಅವಳ ಮುಖ, ಮಗುವಿನ ಮುಖ ನೋಡಿದ. ಎರಡೂ ಒಂದೇ ಅಚ್ಚು. ಅವಳನ್ನು ಬಾಗಿಲಾಚೆ ಕರೆದು, ತಗ್ಗಿದ ದನಿಯಲ್ಲೇ ಹೇಳಿದ. "ನಂಗೆ ಗೊತ್ತಿಲ್ಲ ಅನ್ಕೊಂಡ್ಯಾ? ನಾನು ನೋಡೋ ಅರ್ಧ ಸ್ಕೂಲಲ್ಲಿ ಇದೇ ಕಥೆ. ಬಾಯಿ ಬಿಟ್ರೆ ಸಿಕ್ಕಿಹಾಕ್ಕೊಳ್ಳೋಳು ನೀನು. ಆರ್ಡರಿಲ್ಲದೆ ಸರ್ಕಾರಿ ಶಾಲೆ ಒಳಗೆ ಬಂದೋಳು ನೀನು ತಾನೇ? ಹೋಗು, ಮನೇಗ್ ಹೋಗು."

ಧಣಿ ಅವಳ ಪಕ್ಕದಲ್ಲಿ ಕ್ಯಾಕರಿಸಿ ಉಗಿದು ಕಾರು ಹತ್ತಿದ. ಎಲ್ಲರಿಗೂ ಅವನ ಮನೆಯಲ್ಲಿ ಊಟವಿತ್ತು.

ಲೈನಿಗೆ ನಡೆದು ಬರುವಾಗ ಗುಬ್ಬಿ ತಾಯಿಯ ಬೆರಳು ಹಿಡಿದು ಕುಣಿಯುತ್ತಿದ್ದಳು. ಅರ್ಧ ದಾರಿಯಲ್ಲಿ ಕುಣಿತ ನಿಲ್ಲಿಸಿದಳು.

"ಅವ್ವಾ, ನಾನು ತಪ್ಪು ಹೇಳಿದ್ನಾ?"

"ಇಲ್ಲ ಮಗಾ. ಹೇಳ್ಕೊಟ್ಟಿದ್ದನ್ನೇ ಹೇಳಿದೆ."

"ಮತ್ತೆ ಯಾಕೆ ಶಭಾಷ್ ಅನ್ಲಿಲ್ಲ?"

ಬಿಯೆಡ್ಡು ಮಗಳ ಕೈ ಬಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡಳು. ಮತ್ತೆ ಆ ಕೈ ಹಿಡಿಯಲು ಅವಳಿಗೆ ಆಗಲಿಲ್ಲ.

ಶಾಲೆಗೆ ಬೀಗ ಬಿತ್ತು. ಅವಳು ಮತ್ತೆ ಗುಂಡಿಗೆ ಇಳಿದಳು. ಮಕ್ಕಳು ಇಟ್ಟಿಗೆ ಮಗುಚಲು ಬಂದವು. ಟೀಚರ್ ಅನ್ನಬೇಕೋ ಬೇಡವೋ ತಿಳಿಯದೆ, ಅವಳ ಹತ್ತಿರ ಬಂದಾಗ ಸುಮ್ಮನಾಗುತ್ತಿದ್ದವು. ಗುಬ್ಬಿಯೂ ಅವಳಿಂದ ದೂರದ ಸಾಲಿನಲ್ಲಿ ಕೂರುತ್ತಿದ್ದಳು. ಯಾರೋ ಅವಳಿಗೆ ವಿಷಯ ಬಿಡಿಸಿ ಹೇಳಿದ್ದರು. ಗಂಡ, "ಹೋಗ್ಲಿ ಬಿಡು, ಮಗು ಅದು, ಮರ್ತುಬಿಡುತ್ತೆ," ಅಂದ. ಮರೆಯುವುದು ಮಗುವಿನ ಪಾಲಿನದು, ತನ್ನ ಪಾಲಿನದಲ್ಲ ಅಂತ ಅವನಿಗೆ ಹೇಳುವುದು ಹೇಗೆ?

ವಾರ ಕಳೆಯುವುದರಲ್ಲಿ ರೈಟರು ಗುಂಡಿಯ ದಂಡೆಗೆ ಬಂದು ನಿಂತ.

"ಲೇ, ನಿನ್ನ ಅದೃಷ್ಟ. ಧಣಿ ಮನಸ್ಸಲ್ಲಿ ಏನೂ ಇಟ್ಕೊಂಡಿಲ್ಲ. ಬೇರೆ ಯಾರೂ ಸಿಗ್ತಾ ಇಲ್ಲ. ನಾಳೆಯಿಂದ ಹೋಗು. ಮೊದ್ಲಿನ ಹಾಗೇ ಇರ್ಬೇಕು, ಬಾಯಿ ಮುಚ್ಕೊಂಡು."

ಅವಳು ತುಳಿಯುವುದು ನಿಲ್ಲಿಸಿದಳು. ಕಾಲು ಮೆಲ್ಲಗೆ ಹೂತುಕೊಳ್ಳತೊಡಗಿತು.

"ಅಳಿಯಂದ್ರು ಬಂದು ಮಕ್ಕಳೆದುರಿಗೆ ಒಂದು ಮಾತು ಹೇಳ್ಲಿ ಅಣ್ಣ. ಪಾಠ ಹೇಳೋಳು ಇವಳು, ನಾನಲ್ಲ ಅಂತ. ಅಷ್ಟಂದ್ರೆ ಕೂಲಿ ಇಲ್ದಿದ್ರೂ ಹೋಗ್ತೀನಿ."

"ನಿಂಗೇನು ತಲೆ ಕೆಟ್ಟಿದ್ಯೇನೇ ಲೌಡಿ?"

"ಕೆಟ್ಟಿತ್ತು. ನಂದು ಕೆಟ್ಟಿದ್ದಷ್ಟೇ ಅಲ್ಲ, ಅವುಗಳದೂ ಕೆಡಿಸ್ದೆ."

"ತಿನ್ನೋ ಅನ್ನಕ್ಕೆ ಮಣ್ಣು ಹಾಕ್ಕೊಳ್ತೀಯಾ, ಹಾಕ್ಕೋ," ಎಂದು ರೈಟರು ಬೈಕು ಹತ್ತಿ ಧಣಿಯ ಮನೆ ಕಡೆ ಹೋದ.

ಅವಳು ಗುಂಡಿಯಿಂದ ಮೇಲೆ ಬಂದಳು. ಬಯಲ ತುಂಬ ಆ ದಿನ ಬೆಳಿಗ್ಗೆ ಹಾಕಿದ ಹಸಿ ಇಟ್ಟಿಗೆಗಳು ಸಾಲುಸಾಲಾಗಿ ಬಿದ್ದಿದ್ದವು, ಬೆನ್ನ ಮೇಲೆ ಧಣಿಯ ಮನೆತನದ ಮುದ್ರೆ ಹೊತ್ತುಕೊಂಡು. ಹಸಿ ಇಟ್ಟಿಗೆಗೆ ಗೀರು ಬಿದ್ದರೆ ಅದು ಲೆಕ್ಕಕ್ಕಿಲ್ಲ, ಹಾಕಿದವರ ದುಡಿಮೆ ಹೋದಂತೆ. ಅದು ಗೊತ್ತಿದ್ದೇ ಅವಳು ತಂತಿಯ ಚೂರೊಂದನ್ನು ಹೆಕ್ಕಿಕೊಂಡು ಗಂಡ ಹಾಕಿದ ಸಾಲಿನ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಕೈ ಮುಂದೆ ಹೋಗಲಿಲ್ಲ.

ಹಿಂದಿನಿಂದ ಅತ್ತೆ ಕೇಳಿದಳು: "ಏನ್ ಮಾಡ್ತೀಯೇ?"

"ಬರೀತೀನಿ ಅತ್ತೆ. ಮಕ್ಕಳಿಗೆ."

ಮುದುಕಿ ಅಚ್ಚು ಕೆಳಗಿಟ್ಟಳು. ಸೊಸೆಯನ್ನು ನೋಡಿದಳು, ದೂರದಲ್ಲಿ ಬೆನ್ನು ತಿರುಗಿಸಿ ಕೂತ ಮೊಮ್ಮಗಳನ್ನು ನೋಡಿದಳು.

"ಅವನ ಸಾಲು ಮುಟ್ಬೇಡ, ಅವನು ಹೆದರುಪುಕ್ಕ, ಅಳ್ತಾನೆ. ನನ್ನ ಸಾಲಲ್ಲಿ ಬರಿ. ಆ ಬೋಳಿಮಗ ನಂದೇನ್ ಕಿತ್ಕೋತಾನೆ ನೋಡ್ತೀನಿ."

ಬಿಯೆಡ್ಡು ಮೊದಲ ಇಟ್ಟಿಗೆಯ ಮೇಲೆ, ಮುದ್ರೆಯ ಮೇಲೆಯೇ 'ಅ' ಎಂದು ಗೀರಿದಳು. ಮಣ್ಣು ಬೆಣ್ಣೆಯ ಹಾಗೆ ಸೀಳಿತು. ಎರಡನೆಯದರ ಮೇಲೆ 'ಆ'. ಮಕ್ಕಳು ಒಂದೊಂದಾಗಿ ಬಂದವು. ಯಾರೂ ಕರೆದಿರಲಿಲ್ಲ. ಕಡ್ಡಿ, ಮೊಳೆ, ಉಗುರು, ಕೈಗೆ ಸಿಕ್ಕಿದ್ದರಲ್ಲಿ ಇಟ್ಟಿಗೆಗೊಂದರಂತೆ ಬರೆಯುತ್ತಾ ಸಾಲಿನುದ್ದಕ್ಕೂ ಕೂತವು. ಕೆಲವು ತಮ್ಮ ಹೆಸರು ಬರೆದವು. ಅಚ್ಚು ಬಡಿಯುತ್ತಿದ್ದವರ ಕೈ ನಿಂತಿತು. ಗಂಡ ಎದ್ದು ನಿಂತ, ಮತ್ತೆ ಕೂತ.

ಎಲ್ಲರಿಗಿಂತ ಕೊನೆಗೆ ಗುಬ್ಬಿ ಬಂದಳು. ತಾಯಿಯ ಪಕ್ಕಕ್ಕಲ್ಲ, ಒಂದು ಇಟ್ಟಿಗೆ ಆಚೆಗೆ. ಕೈಯಲ್ಲಿ ಕಡ್ಡಿಯಿರಲಿಲ್ಲ.

ರಸ್ತೆಯ ತಿರುವಿನಲ್ಲಿ ರೈಟರ ಬೈಕಿನ ಸದ್ದು ಮತ್ತೆ ಕೇಳಿತು. ಅದರ ಹಿಂದೆ ಧಣಿಯ ಕಾರಿನದು.

"ಅವ್ವಾ," ಗುಬ್ಬಿ ನೆಲ ನೋಡುತ್ತಾ ಕೇಳಿದಳು, "ಅವರು ಬಂದು ಕೇಳಿದ್ರೆ ಈಗ ನಾನು ಏನು ಹೇಳ್ಲಿ?"

ಏನು ಹೇಳಿದರೂ ಅದು ತಾನು ಹೇಳಿಕೊಟ್ಟದ್ದೇ ಆಗುತ್ತಿತ್ತು. ಬಿಯೆಡ್ಡು ತಂತಿಯ ಚೂರನ್ನು ಮಗಳ ಮುಂದಿನ ಇಟ್ಟಿಗೆಯ ಮೇಲಿಟ್ಟು, ಮುಂದಿನ ಅಕ್ಷರವನ್ನು ಬೆರಳಿನಿಂದಲೇ ಗೀರಿದಳು. ಬೈಕು ನಿಂತಿತು. ಕಾರಿನ ಬಾಗಿಲು ತೆಗೆದ ಸದ್ದಾಯಿತು.